ತ್ಸಾಗ್ವೆರಿಯಲ್ಲಿ ಬಿಟ್ಟ ವ್ಯಾನು

ರೈಲು ಬೊರ್ಜೋಮಿಯಲ್ಲಿ ಪೂರ್ತಿ ನಿಲ್ಲುವ ಮೊದಲೇ ಜುಂಬೇರ್‌ಗೆ ವಾಝಾನ ಬೆನ್ನು ಕಂಡಿತು. ಅಗಲವಾದ, ಯಾವ ಅನುಮಾನವೂ ಇಲ್ಲದ ಬೆನ್ನು. ಪ್ಲಾಟ್‌ಫಾರ್ಮಿನ ಆ ತುದಿಯಲ್ಲಿ, ಕಂಕುಳಲ್ಲಿ ಕಾಗದ ಸುತ್ತಿದ ಬಿಸಿ ರೊಟ್ಟಿ ಇಟ್ಟುಕೊಂಡು, ಮುಂದಿನ ಬೋಗಿಗಳಿಂದ ಇಳಿಯುವವರ ಮುಖಗಳನ್ನು ಕತ್ತು ಎತ್ತೆತ್ತಿ ನೋಡುತ್ತ ನಿಂತಿದ್ದ. ತನ್ನನ್ನು ಕರೆದೊಯ್ಯಲು ಬಂದಿದ್ದಾನೆ. ತನ್ನ ಹೆಂಡತಿಯಾಗಿದ್ದ ಇರ್ಮಾಳ ಈಗಿನ ಗಂಡ, ತನ್ನ ಮಗಳು ತೆಕ್ಲಾಳನ್ನು ಸಾಕುತ್ತಿರುವವನು, ಬೆಟ್ಟದ ಮೇಲಿನ ಬಾಕುರಿಯಾನಿಯಿಂದ ಹಿಮದ ದಾರಿಯಲ್ಲಿ ವ್ಯಾನು ಇಳಿಸಿಕೊಂಡು ತನಗೋಸ್ಕರ ಬಂದು ನಿಂತಿದ್ದಾನೆ. ನಿನ್ನೆ ಇರ್ಮಾ ಫೋನಿನಲ್ಲಿ ಹೇಳಿದ್ದಳು: “ವಾಝಾ ಸ್ಟೇಷನ್ನಿಗೆ ಬರ್ತಾನೆ. ಬೇಡ ಗೀಡ ಅನ್ಬೇಡ. ನಿನ್ನ ಬಿಗುಮಾನಾನ ಅಲ್ಲೇ ಟಿಬಿಲಿಸೀಲಿ ಬೀಗ ಹಾಕಿಟ್ಟು ಬಾ. ಮಗೂದು ಸ್ಪರ್ಧೆ, ನೆನಪಿರ್ಲಿ.” ಆಯ್ತು ಅಂದಿದ್ದ. ಮನಸಾರೆ ಅಂದಿದ್ದ. ಬೆಳಗಿನ ರೈಲು ಹತ್ತಿದ ಮೇಲೆ ಕಿಟಕಿಯ ಗಾಜಿನಲ್ಲಿ ಮುಖ ನೋಡಿಕೊಂಡು ನಗುವುದನ್ನು ಅಭ್ಯಾಸ ಕೂಡ ಮಾಡಿದ್ದ. ಕೈ ಚಾಚುವುದು, ‘ನಿಮಗೆ ತೊಂದರೆ ಆಯ್ತು’ ಎನ್ನುವುದು, ವ್ಯಾನಿನಲ್ಲಿ ಮುಂದೆ ಕೂರುವುದೋ ಹಿಂದೆಯೋ ಎಂಬ ಆ ಕ್ಷಣದ ಮುಜುಗರವನ್ನು ದಾಟುವುದು. ಎಲ್ಲ ಸರಿಯಾಗಿಯೇ ಇತ್ತು. ಆದರೆ ಆ ಬೆನ್ನು ಕಂಡದ್ದೇ, ಕಾಲುಗಳು ತಮ್ಮಷ್ಟಕ್ಕೆ ತಾವು ತೀರ್ಮಾನ ಮಾಡಿದ ಹಾಗೆ, ಬೋಗಿಯ ಆಚೆ ಬಾಗಿಲಿನಿಂದ ಹಳಿಗಳ ಕಡೆಗೆ ಇಳಿದುಬಿಟ್ಟವು.

ಹಳಿ ದಾಟಿ, ಗೋದಾಮಿನ ಹಿಂದಿನಿಂದ ಸುತ್ತಿ, ಕಳ್ಳನ ಹಾಗೆ ರಸ್ತೆಗೆ ಬಂದ. ಐವತ್ತೆರಡು ವರ್ಷದ ಗಂಡಸು, ಟಿಬಿಲಿಸಿಯಲ್ಲಿ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಕೂರಿಸುವ ಕೆಲಸದವನು, ಅಕ್ಕಪಕ್ಕದವರ ಬಾಯಲ್ಲಿ ‘ಮರ್ಯಾದಸ್ಥ’ ಎನ್ನಿಸಿಕೊಂಡವನು. ಶೂಗಳ ಒಳಗೆ ಹಿಮ ಹೋಗಿತ್ತು. ನಿಲ್ದಾಣದ ಮುಂದೆ ಟ್ಯಾಕ್ಸಿಯವರು ಒಂದು ಕಾರಿನ ಬಾನೆಟ್ಟಿನ ಮೇಲೆ ಪಗಡೆ ಹಾಸಿಕೊಂಡಿದ್ದರು. ಮಫ್ಲರನ್ನು ಮೂಗಿನವರೆಗೂ ಸುತ್ತಿಕೊಂಡಿದ್ದ ಒಬ್ಬ ದಾಳ ಕೈಯಲ್ಲಿ ಹಿಡಿದುಕೊಂಡೇ ಎದ್ದುಬಂದ.

“ಬಾಕುರಿಯಾನಿಗಾ ಅಣ್ಣಾ? ಬನ್ನಿ, ಬನ್ನಿ. ನಿಮ್ಮಂಥ ಉದ್ದ ಕಾಲಿನವರು ಮಿನಿಬಸ್ಸಲ್ಲಿ ಕೂತ್ರೆ ಮಂಡಿ ಬಾಯೊಳಗೆ ಬರತ್ತೆ.”

“ಮಿನಿಬಸ್ಸು ಎಲ್ಲಿಂದ ಹೊರಡತ್ತೆ?”

“ಸೇತುವೆ ಆಚೆ. ತುಂಬೋವರ್ಗೂ ಹೊರಡಲ್ಲ. ತುಂಬಿದ ಮೇಲೆ ಡ್ರೈವರ್ದು ಸಿಗರೇಟು ಮುಗಿಯೋವರ್ಗೂ ಹೊರಡಲ್ಲ.”

“ಕುಕುಷ್ಕಾ?”

ಪಗಡೆಯವರೆಲ್ಲ ಒಟ್ಟಿಗೆ ನಕ್ಕರು. ಬೆಟ್ಟ ಹತ್ತುವ ಆ ಪುಟ್ಟ ರೈಲಿಗೆ ಕೋಗಿಲೆ ಎಂದು ಹೆಸರಿಟ್ಟವರು ಯಾರೋ, ಕೂಗುತ್ತದೆ ಎಂದೇ ಹೊರತು ಹಾರುತ್ತದೆ ಎಂದಂತೂ ಇಟ್ಟಿರಲಾರರು. “ನಮ್ಮಜ್ಜಿ ಒಂದ್ಸಲ ಕುಕುಷ್ಕಾ ಹತ್ತಿದ್ಲು ಅಣ್ಣಾ,” ಎಂದ ಮಫ್ಲರಿನವನು, “ಮೇಲೆ ಹೋಗಿ ಇಳಿಯೋ ಹೊತ್ತಿಗೆ ಹಿಮ ಕರಗಿ ಸ್ಟ್ರಾಬೆರಿ ಹಣ್ಣಾಗಿತ್ತು.” ನಕ್ಕವರ ಜೊತೆ ಜುಂಬೇರ್ ಕೂಡ ನಗಲು ಹೋದ. ಅಷ್ಟರಲ್ಲಿ ಅವನು ಮಫ್ಲರು ಕೆಳಗೆಳೆದು ದಿಟ್ಟಿಸಿ ನೋಡಿದ. “ಅಂದಹಾಗೆ, ನಮ್ಮ ವಾಝಾ ಯಾರಿಗೋ ಕಾಯ್ತಿದಾನೆ. ಟಿಬಿಲಿಸಿಯೋರು, ಉದ್ದಗಿದಾರೆ, ಕನ್ನಡಕ ಹಾಕ್ತಾರೆ, ಕಂಡ್ರೆ ಹೇಳ್ರೋ ಅಂದ. ನೀವೇ ಅಲ್ವಾ?”

“ಅಲ್ಲ,” ಎಂದ ಜುಂಬೇರ್.

ಟ್ಯಾಕ್ಸಿಯವನು ಅವನ ಕಾಲಿನಿಂದ ಕನ್ನಡಕದವರೆಗೆ ಒಮ್ಮೆ ನಿಧಾನವಾಗಿ ನೋಡಿದ. “ಅಲ್ಲ ಅಂದ್ರೆ ಅಲ್ಲ ಬಿಡಿ,” ಎಂದು ದಾಳ ಉರುಳಿಸಲು ಹೋದ. ಆ ‘ಬಿಡಿ’ಯಲ್ಲಿದ್ದ ಸೌಜನ್ಯ ಜುಂಬೇರ್‌ನ ಕಿವಿಯನ್ನು ಚಳಿಗಿಂತ ಹೆಚ್ಚಾಗಿ ಸುಟ್ಟಿತು. ಇನ್ನು ಟ್ಯಾಕ್ಸಿ ಹತ್ತುವ ಹಾಗಿಲ್ಲ; ಇವರೆಲ್ಲ ವಾಝಾನವರೇ. ಸೇತುವೆಗೆ ಹೋಗಬೇಕಾದರೆ ಅಲ್ಲಿ ನಿಂತಿರುವ ವಾಝಾನ ಹಸಿರು ವ್ಯಾನಿನ ಪಕ್ಕದಲ್ಲೇ ಹಾಯಬೇಕು. ಈಗಲೂ ತಿರುಗಿ ಪ್ಲಾಟ್‌ಫಾರ್ಮಿಗೆ ಹೋಗಿ, ಓಹೋ ಇಲ್ಲಿದೀರಾ ಎಂದುಬಿಟ್ಟರೆ ಮುಗಿಯಿತು. ಮುಗಿಯುತ್ತದೆಯೇ? ಇದೇ ಟ್ಯಾಕ್ಸಿಯವನ ಮುಂದೆಯೇ ವ್ಯಾನು ಹತ್ತಬೇಕು. ಒಂದು ಸುಳ್ಳು ಹೇಳಿದ ಮೇಲೆ ದಾರಿಗಳು ಎಷ್ಟು ಬೇಗ ಕಡಿಮೆಯಾಗುತ್ತವೆ ಎಂದುಕೊಂಡ. ಅತ್ತ ಪಕ್ಕದ ಹಳಿಯಲ್ಲಿ ಕುಕುಷ್ಕಾದ ಎರಡು ಬೋಗಿಗಳು ಮಕ್ಕಳ ಆಟಿಕೆಯ ಹಾಗೆ ತಗ್ಗಾಗಿ ನಿಂತಿದ್ದವು. ತೆಕ್ಲಾಳ ಸ್ಕೀ ಸ್ಪರ್ಧೆಯ ಮೊದಲ ಓಟ ಮಧ್ಯಾಹ್ನಕ್ಕೆ. ಕುಕುಷ್ಕಾ ಹತ್ತಿದರೆ ಅದು ತಪ್ಪಿದಂತೆಯೇ. ಆದರೆ ಎರಡು ಓಟ ಇದೆಯಲ್ಲ, ಎರಡನ್ನೂ ಕೂಡಿಸಿ ತಾನೇ ಲೆಕ್ಕ, ಎರಡನೆಯದೇ ಮುಖ್ಯ, ಎರಡನೆಯದಕ್ಕೆ ಖಂಡಿತ ಸಿಗುತ್ತೇನೆ ಎಂದು ತನಗೆ ತಾನೇ ವಕೀಲನಾಗಿ ವಾದಿಸುತ್ತ ಹತ್ತಿ, ರಸ್ತೆಗೆ ಕಾಣದ ಬದಿಯಲ್ಲಿ ಕೂತ. ಫೋನಿನ ಸದ್ದು ಅಡಗಿಸಿ ಕೋಟಿನ ಒಳಜೇಬಿಗೆ ಹಾಕಿದ.

ರೈಲು ಹೊರಟಿತು, ಹೊರಟಿತು ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಮರದ ಬೆಂಚುಗಳು, ಮೂಲೆಯಲ್ಲಿ ಕಾದ ಕಬ್ಬಿಣದ ಒಲೆ, ಕಿಟಕಿಗೆ ಮೂಗೊತ್ತಿ ಫೋಟೋ ಹಿಡಿಯುವ ನಾಲ್ಕೈದು ಪ್ರವಾಸಿಗಳು. ಟಿಕೆಟ್ಟಿನ ಹೆಂಗಸು ಲಮಾರಾ, ರೈಲಿನ ಕೋಟಿನ ಮೇಲೆ ಮನೆಯ ಶಾಲು ಹೊದ್ದವಳು, ಅವನ ಒದ್ದೆ ಶೂ ನೋಡಿ, “ಒಲೆ ಹತ್ರ ಚಾಚಿಕೋ ಕಾಲು, ನೆಗಡಿಯಾದ್ರೆ ನಿನ್ನ ಹೆಂಡ್ತಿ ನನ್ನನ್ನ ಬೈತಾಳೆ” ಎಂದಳು. ಹೆಂಡತಿ ಇಲ್ಲ ಎನ್ನಬೇಕೆನಿಸಿತು. ಬೆಳಗಿನಿಂದ ಆಡುವ ಮೊದಲ ನಿಜವಾಗುತ್ತಿತ್ತು ಅದು. ಸುಮ್ಮನೆ ಕಾಲು ಚಾಚಿದ. ಜೇಬಿನಲ್ಲಿ ಫೋನು ನಡುಗಿತು, ನಿಂತಿತು, ಮತ್ತೆ ನಡುಗಿತು, ಎದೆಯ ಮೇಲೆ ಇನ್ನೊಂದು ಎದೆ ಹೊಡೆದುಕೊಂಡ ಹಾಗೆ. ಇಳಿಜಾರಿನಲ್ಲಿ ಫರ್ ಮರಗಳು ಹಿಮ ಹೊತ್ತು ಭುಜ ಇಳಿಬಿಟ್ಟು ನಿಂತಿದ್ದವು. ಕೊನೆಯ ಸಲ ಬೆಟ್ಟಕ್ಕೆ ಬಂದಾಗಲೂ ಹೀಗೆಯೇ ಹಿಮ ಬಿದ್ದಿತ್ತು. ಮಕ್ಕಳು ಕಲಿಯುವ ಆ ತಗ್ಗಿನ ಬಯಲಿನಲ್ಲಿ ತೆಕ್ಲಾ “ಅಪ್ಪಾ, ಒಂದೇ ಸಲ, ಏನೂ ಆಗಲ್ಲ” ಎಂದು ಕಾಲಿಗೆ ಸ್ಕೀ ಕಟ್ಟಿಸಿದ್ದಳು. ಏನೂ ಆಗಲಿಲ್ಲ ನಿಜ, ಹತ್ತು ಹೆಜ್ಜೆ ಜಾರಿ ಒಂದು ಬದಿಗೆ ನಿಧಾನವಾಗಿ, ಬಹಳ ನಿಧಾನವಾಗಿ, ಮುದಿ ಕುದುರೆ ಮಲಗಿದ ಹಾಗೆ ಬಿದ್ದ. ಏಳಲು ಹೋದಾಗೆಲ್ಲ ಒಂದು ಕಾಲು ಒಂದು ಊರಿಗೆ ಹೊರಡುತ್ತಿತ್ತು. ಆಗ ವಾಝಾ ಬಂದು ಕಂಕುಳಿಗೆ ಕೈ ಕೊಟ್ಟು, ತೊಟ್ಟಿಲಿನಿಂದ ಮಗು ಎತ್ತುವಂತೆ ಎತ್ತಿ ನಿಲ್ಲಿಸಿ, ಅವನ ಹಿಂಭಾಗದ ಹಿಮವನ್ನು ಅಂಗೈಯಿಂದ ಪಟಪಟ ಕೊಡವಿದ್ದ. ತೆಕ್ಲಾ ನಕ್ಕಿದ್ದಳು. ಕೆಟ್ಟ ನಗುವಲ್ಲ. ಆ ಮೇಲೆ ಮೂರು ಚಳಿಗಾಲ ಅವನು ಬೆಟ್ಟಕ್ಕೆ ಬಂದಿರಲಿಲ್ಲ. ಅಂಗಡಿಯಲ್ಲಿ ಕೆಲಸ ಜಾಸ್ತಿ ಎಂದಿದ್ದ. ಬೇಸಿಗೆಯಲ್ಲಿ ಅವಳೇ ಟಿಬಿಲಿಸಿಗೆ ಬರುತ್ತಿದ್ದಳು, ಪ್ರತಿ ಸಲ ಒಂದಿಷ್ಟು ಉದ್ದವಾಗಿ, ಪ್ರತಿ ಸಲ ಹೇಳುವುದು ಒಂದಿಷ್ಟು ಕಡಿಮೆಯಾಗಿ. ಈ ಸಲ ಅವಳೇ ಕರೆದದ್ದು. “ಬರ್ತೀಯಲ್ಲ?” ಎಂದಿದ್ದಳು, ಬಾ ಎನ್ನಲಿಲ್ಲ. ಹದಿಮೂರು ವರ್ಷಕ್ಕೇ ಇಷ್ಟು ಎಚ್ಚರ ಎಲ್ಲಿಂದ ಬಂತು ಎಂದು ಯೋಚಿಸಿದರೆ ಉತ್ತರ ತನ್ನ ಕಡೆಗೇ ನಡೆದು ಬರುತ್ತಿತ್ತು.

ಒಂದೆರಡು ತಿರುವು ದಾಟಿದ ಮೇಲೆ ರಸ್ತೆ ಹಳಿಯ ಪಕ್ಕಕ್ಕೇ ಬಂತು. ಹಸಿರು ವ್ಯಾನು ಹಿಂದಿನಿಂದ ಬಂದು, ರೈಲಿನ ಜೊತೆ ಸ್ವಲ್ಪ ದೂರ ಸಮನಾಗಿ ಓಡಿತು. ಓಡಿತು ಎಂದರೆ ತೆವಳಿತು. ಈ ರೈಲಿಗೆ ಸಮನಾಗಬೇಕಾದರೆ ಯಾವ ಗಾಡಿಯೂ ತೆವಳಲೇಬೇಕು. ಸ್ಟಿಯರಿಂಗಿನ ಮೇಲೆ ಬಾಗಿ ಕಿಟಕಿಗಳನ್ನು ಎಣಿಸುವವನ ಹಾಗೆ ನೋಡುತ್ತಿದ್ದ ವಾಝಾನ ಕಣ್ಣಿಗೆ ಬೀಳದಿರಲು ಜುಂಬೇರ್ ಶೂ ಲೇಸು ಕಟ್ಟಲು ಬಗ್ಗಿದ. ಲೇಸು ಕಟ್ಟಿಯೇ ಇತ್ತು. ಬಿಚ್ಚಿ ಕಟ್ಟಿದ. ಲಮಾರಾ ನೋಡುತ್ತಿದ್ದಳು. “ಯಾರದು, ಸಾಲ ಕೊಟ್ಟೋನಾ?” ಎಂದಳು. “ಅಲ್ಲಮ್ಮ, ನೆಂಟರು,” ಎಂದ. “ಹಂಗಾದ್ರೆ ಇನ್ನೂ ಕೆಟ್ಟದ್ದು,” ಎಂದು ಅವಳು ಒಲೆಗೆ ಸೌದೆ ಹಾಕಿದಳು.

ತ್ಸಾಗ್ವೆರಿಯಲ್ಲಿ ರೈಲು ಕೊಂಚ ಹೆಚ್ಚು ಹೊತ್ತು ನಿಲ್ಲುತ್ತದೆ. ಬಾಗಿಲಲ್ಲಿ ಹಿಮ ಕೊಡವುವ ಶೂಗಳ ಸದ್ದಾಯಿತು. ಜುಂಬೇರ್ ಕಿಟಕಿಯ ಕಡೆ ಮುಖ ಮಾಡಿ ನಿದ್ದೆ ಬಂದವನಂತೆ ಕಣ್ಣು ಮುಚ್ಚಿದ. ಮುಚ್ಚಿದ ಮೇಲೆ ತಾನೆಷ್ಟು ಹಾಸ್ಯಾಸ್ಪದನಾಗಿದ್ದೇನೆ ಎನ್ನುವುದು ಸ್ಪಷ್ಟವಾಗಿ ಕಂಡಿತು. ಹೆಜ್ಜೆಗಳು ಹತ್ತಿರ ಬಂದು ನಿಂತವು. ಬಿಸಿ ರೊಟ್ಟಿಯ ವಾಸನೆ ಬಂತು.

“ಜುಂಬೇರ್ ಅಣ್ಣಾ! ಸದ್ಯ ಸಿಕ್ಕಿದ್ರಿ. ನಂದೇ ತಪ್ಪು ನೋಡಿ, ದೊಡ್ಡ ಕಣ್ಣು ಬಿಟ್ಕೊಂಡು ನಿಂತಿದ್ದೆ, ಆದ್ರೂ ನೀವು ಇಳಿದದ್ದು ಕಾಣ್ಲಿಲ್ಲ. ಇರ್ಮಾ ನನ್ನ ಚರ್ಮ ಸುಲೀತಾಳೆ.”

ಟ್ಯಾಕ್ಸಿಯವನು ಎಲ್ಲ ಹೇಳಿರಲೇಬೇಕು. ಹೇಳದೆ ಈ ಮನುಷ್ಯ ರೈಲಿನ ಹಿಂದೆ ಬರುತ್ತಿರಲಿಲ್ಲ. ವಾಝಾನ ಕೆಂಪು ಮುಖದಲ್ಲಿ ವ್ಯಂಗ್ಯ ಎಲ್ಲಾದರೂ ಇದೆಯೇ ಎಂದು ಜುಂಬೇರ್ ಹುಡುಕಿದ, ಇದ್ದರೆ ಅನುಕೂಲವಾಗುತ್ತಿತ್ತು. ಇರಲಿಲ್ಲ. ಜುಂಬೇರ್‌ನ ತಪ್ಪನ್ನು ಎತ್ತಿ ತನ್ನ ಹೆಗಲಿಗೇ ಹಾಕಿಕೊಂಡು, ಅದು ಭಾರವೇ ಅಲ್ಲವೆಂಬಂತೆ ನಿಂತಿದ್ದ. “ವ್ಯಾನು ಇಲ್ಲೇ ನಿಲ್ಸಿದೀನಿ. ಇಳೀರಿ ಅಣ್ಣಾ, ಆರಾಮಾಗಿ ಮೊದಲ್ನೇ ಓಟಕ್ಕೆ ಹೋಗ್ತೀವಿ.”

ಇಳಿಯಬೇಕಿತ್ತು. ಇಳಿಯಲು ಅವನ ದೇಹದ ಅರ್ಧ ಎದ್ದೂ ಇತ್ತು. ಆದರೆ ಬಾಯಿ ಹೇಳಿದ್ದು, “ನನಗೆ ಈ ರೈಲು ಇಷ್ಟ. ನೀವು ಹೋಗಿ. ನಾನು ಬರ್ತೀನಿ.” ಹೇಳಿದ ತಕ್ಷಣ ಆ ಮಾತನ್ನು ಕೈಯಿಂದ ಹಿಡಿದು ವಾಪಸು ಎಳೆದುಕೊಳ್ಳುವಂತಿದ್ದರೆ ಎನ್ನಿಸಿತು. ರೈಲು ಕೂಗಿತು. ವಾಝಾ ಕಿಟಕಿಯಾಚೆ ವ್ಯಾನನ್ನು ನೋಡಿದ, ಜುಂಬೇರ್‌ನನ್ನು ನೋಡಿದ, ಟೋಪಿ ತೆಗೆದು ತಲೆ ಕೆರೆದುಕೊಂಡ. ಬೋಗಿ ಅಲುಗಿತು. ಅವನು ಇಳಿಯಲಿಲ್ಲ. ಎದುರಿನ ಬೆಂಚಿನ ಮೇಲೆ, ಬೆಂಚು ನರಳುವ ಹಾಗೆ, ಕೂತುಬಿಟ್ಟ.

“ಏನ್ರೀ ಇದು, ವ್ಯಾನು?”

“ಇರತ್ತೆ ಬಿಡಿ. ಅದನ್ಯಾರು ಕದೀತಾರೆ, ಕದ್ದೋನಿಗೆ ಹೀಟರು ಹಾಕೋದು ಗೊತ್ತಾಗಲ್ಲ.”

“ಮಗು ಓಟ ನೋಡೋಲ್ವಾ ನೀವು?”

ವಾಝಾ ರೊಟ್ಟಿಯ ಕಾಗದ ಬಿಡಿಸುತ್ತ, ಮೊದಲ ಸಲ ಕಣ್ಣು ತಪ್ಪಿಸಿ ಹೇಳಿದ: “ಹೊರಡೋವಾಗ ಅವಳು ಅಂದ್ಲು, ಅಪ್ಪನ್ನ ಕರ್ಕೊಂಡೇ ಬಾ, ಒಬ್ನೇ ಬರ್ಬೇಡ ಅಂತ. ಈಗ ಒಬ್ನೇ ಹೋದ್ರೆ ನೀವು ಬರ್ಲಿಲ್ಲ ಅಂದ್ಕೋತಾಳೆ. ಹಂಗಂದ್ಕೊಂಡು ಸ್ಕೀ ಮೇಲೆ ನಿಲ್ಲಬಾರ್ದು ಅಣ್ಣಾ. ಕಾಲು ಕೇಳಲ್ಲ.”

ಕಾಗದದೊಳಗಿದ್ದದ್ದು ಬರೀ ರೊಟ್ಟಿಯಲ್ಲ, ಕಾಳಿನ ಹೂರಣ ತುಂಬಿದ ಲೋಬಿಯಾನಿ. ಇರ್ಮಾ ಹೇಳಿಯೇ ತರಿಸಿರಬೇಕು, ಜುಂಬೇರ್‌ಗೆ ಇಷ್ಟವೆಂದು. ವಾಝಾ ಮುರಿದು ದೊಡ್ಡ ತುಂಡನ್ನು ಅವನ ಕೈಗಿಟ್ಟ. ಬೆಳಗಿನಿಂದ ಏನೂ ತಿಂದಿರದ ಹೊಟ್ಟೆ ಮಾನ ಮರ್ಯಾದೆ ನೋಡದೆ ತಿಂದಿತು. ಬೆರಳಿನ ಎಣ್ಣೆ ಒರೆಸಿಕೊಳ್ಳಲು ಚೀಲದಲ್ಲಿ ಕರ್ಚೀಫು ಹುಡುಕುವಾಗ, ತೆಕ್ಲಾಳಿಗೆಂದು ಕೊಂಡಿದ್ದ ಕೆಂಪು ಕೈಗವಸುಗಳು ಹೊರಗೆ ಬಿದ್ದವು. ವಾಝಾ ಬಗ್ಗಿ ಎತ್ತಿಕೊಂಡು ತನ್ನ ಅಂಗೈ ಮೇಲೆ ಹರಡಿದ.

“ಒಳ್ಳೇ ಮಾಲು. ಒಳಗೆ ಉಣ್ಣೆ ಇದೆ.”

“ಸಣ್ಣದಾಗತ್ತಾ?”

ವಾಝಾ ಸುಳ್ಳು ಹೇಳಲು ಬಾಯಿ ತೆಗೆದದ್ದು ಕಾಣಿಸಿತು. ಆಮೇಲೆ ಬಿಟ್ಟುಬಿಟ್ಟ. “ಆಗತ್ತೆ ಅಣ್ಣಾ. ಅವಳ ಬೆರಳು ನಿಮ್ಮ ಬೆರಳಿನ ಹಾಗೇ, ಉದ್ದ. ಕೈಗವಸು ಸಿಗೋದೇ ಕಷ್ಟ. ನಾನು ದೊಡ್ಡೋರದ್ದು ತಂದು ಮಣಿಕಟ್ಟಿನ ಹತ್ರ ಹೊಲಿಸ್ತೀನಿ.”

ಜುಂಬೇರ್ ತನ್ನ ಬೆರಳುಗಳನ್ನು ನೋಡಿಕೊಂಡ, ಗಾಜಿನ ಪುಡಿಯಿಂದ ತುದಿ ನುಣುಪಾದ ಬೆರಳುಗಳು. ಈ ಮನುಷ್ಯ ಯಾವತ್ತೋ ಒಂದು ದಿನ ಮಗಳ ಕೈ ನೋಡಿ ತನ್ನ ಕೈ ನೆನಪಿಸಿಕೊಂಡಿದ್ದಾನೆ. ಯಾವ ಹಂಗೂ ಇಲ್ಲದೆ, ಹೊಟ್ಟೆಕಿಚ್ಚಿಲ್ಲದೆ. ತನ್ನ ನೆನಪು ಅವಳ ಹತ್ತನೇ ವಯಸ್ಸಿನ ಕೈಯ ಅಳತೆಯಲ್ಲಿಯೇ ನಿಂತುಬಿಟ್ಟಿತ್ತು. ಉಳಿದ ಮೂರು ವರ್ಷ ಅವಳ ಬೆರಳು ಬೆಳೆದದ್ದನ್ನು ಇನ್ನೊಬ್ಬ ಸೂಜಿ ದಾರ ಹಿಡಿದುಕೊಂಡು ಕಾಯುತ್ತಿದ್ದ.

ವಾಝಾನ ಫೋನು ಹೊಡೆದುಕೊಂಡಿತು. ತೆಕ್ಲಾ. “ಹೂಂ, ಸಿಕ್ಕಿದ್ರು... ಇಲ್ಲೇ ಎದುರಿಗೆ... ಇಲ್ಲ, ವ್ಯಾನಲ್ಲಲ್ಲ... ಕುಕುಷ್ಕಾದಲ್ಲಿ.” ಆಚೆಯಿಂದ ಬಂದ ಕಿರುಚು ಒಲೆಯ ಬಳಿಯಿದ್ದ ಲಮಾರಾಳಿಗೂ ಕೇಳಿತು. “ಇಬ್ರೂ ಕುಕುಷ್ಕಾದಲ್ಲಾ? ತಲೆ ಕೆಟ್ಟಿದ್ಯಾ ನಿಮ್ಗೆ?” ವಾಝಾ ಫೋನನ್ನು ಜುಂಬೇರ್‌ನ ಕೈಗೆ ಕೊಟ್ಟ. “ತೆಕ್ಲಾ,” ಎಂದ ಜುಂಬೇರ್. “ನೀನು ಬಂದ್ಯಾ,” ಎಂದಳು ಅವಳು, ಬೇರೆಯದೇ ದನಿಯಲ್ಲಿ. “ಅಪ್ಪಾ, ಓಟದ ದಾರೀಲಿ ಮೂರನೇ ಕಂಬ ಸುತ್ತೋ ಕಡೆ ಬರೀ ಮಂಜುಗಡ್ಡೆ. ನೆಲ ಗಾಜಿನ ಹಾಗಿದೆ. ನಂಗೆ ಭಯ ಆಗ್ತಿದೆ.” ಗಾಜಿನ ಬಗ್ಗೆ ಅವನಿಗೆ ಎಲ್ಲ ಗೊತ್ತಿತ್ತು, ಈ ಗಾಜಿನ ಬಗ್ಗೆ ಏನೂ ಗೊತ್ತಿರಲಿಲ್ಲ. ‘ಧೈರ್ಯವಾಗಿರು’ ಎಂಬ ಸವಕಲು ಮಾತು ನಾಲಿಗೆಗೆ ಬಂತು. ನುಂಗಿ, “ತಡಿ, ವಾಝಾಗೆ ಕೊಡ್ತೀನಿ, ಅವ್ರಿಗೆ ಗೊತ್ತಿರತ್ತೆ,” ಎಂದ. ಅದನ್ನು ಹೇಳುವಾಗ ನೋವಾಗಬಹುದೆಂದು ಕಾದ. ಆಗಲಿಲ್ಲ, ಅಥವಾ ಆದದ್ದು ಬೇರೇನೋ.

“ಕೇಳು. ಕೆಳಗಡೆ ಕಾಲಿಗೆ ಭಾರ ಕೊಡು. ಗಡ್ಡೆ ಮೇಲೆ ತಿರುಗೋಕೆ ಹೋಗ್ಬೇಡ, ಅದಕ್ಕೂ ಮೊದ್ಲೇ ತಿರುಗಿರು. ಬಿದ್ರೆ ಬಿದ್ದೆ, ಆಕಾಶ ಏನು ಬೀಳಲ್ಲ. ಕೇಳಿಸ್ತಾ ಅಪ್ಪ...”

ಅಲ್ಲಿಗೆ ವಾಝಾ ನಾಲಿಗೆ ಕಚ್ಚಿಕೊಂಡ. “...ಕೇಳಿಸ್ತಾ ತೆಕ್ಲಾ?” ಎಂದು ತಿದ್ದಿಕೊಂಡು, ಕೆಂಪು ಮುಖ ಇನ್ನೂ ಕೆಂಪಾಗಿ ಫೋನು ಕೆಳಗಿಟ್ಟ. ಈ ನಾಡಿನಲ್ಲಿ ತಂದೆಯಾದವನು ಮಕ್ಕಳನ್ನು ಕರೆಯುವುದೇ ‘ಅಪ್ಪಾ’ ಎಂದು, ಹೆಣ್ಣಾಗಲಿ ಗಂಡಾಗಲಿ, ತನ್ನ ಹೆಸರನ್ನೇ ಅವರಿಗೆ ಉಡುಗೊರೆ ಕೊಟ್ಟ ಹಾಗೆ. ತಾಯಿ ‘ಅಮ್ಮಾ’ ಎನ್ನುತ್ತಾಳೆ, ಚಿಕ್ಕಪ್ಪ ‘ಚಿಕ್ಕಪ್ಪಾ’ ಎನ್ನುತ್ತಾನೆ. ತಂದೆಯಲ್ಲದವನು ಆ ಮಾತನ್ನು ಆಡುವುದಿಲ್ಲ. ಈತ ಆಡುತ್ತ ಬಂದಿದ್ದಾನೆ, ಬಾಯಿಗೆ ಅಷ್ಟು ಸಲೀಸಾಗಿ ಬರಬೇಕಾದರೆ ದಿನಾ ಆಡಿದ್ದಾನೆ, ಇವತ್ತು ತಾನು ಎದುರಿಗೆ ಕೂತಿದ್ದಕ್ಕೆ ನುಂಗಿದ್ದಾನೆ. ರೈಲು ತಿರುವು ಹಾಯುತ್ತಿತ್ತು. ಮರಗಳ ನಡುವೆ ಪುಟ್ಟ ಇಗರ್ಜಿಯೊಂದು ಕಾಣಿಸಿ, ವಾಝಾ ಮೂರು ಸಲ ಶಿಲುಬೆಯ ಗುರುತು ಹಾಕಿಕೊಂಡ, ಸಿಕ್ಕಿಬಿದ್ದವನು ಕೈಗೆ ಕೆಲಸ ಸಿಕ್ಕಿದ್ದಕ್ಕೆ ಸಂತೋಷಪಟ್ಟ ಹಾಗೆ.

ಮಧ್ಯಾಹ್ನವಾಯಿತು. ಇರ್ಮಾ ಫೋನು ಮಾಡಿದಳು. ವಾಝಾ ಅದನ್ನು ಇಬ್ಬರಿಗೂ ಕೇಳಿಸುವಂತೆ ಬೆಂಚಿನ ಮೇಲೆ, ಕೆಂಪು ಕೈಗವಸುಗಳ ಪಕ್ಕದಲ್ಲಿಟ್ಟ. ಲಮಾರಾಳೂ ಬಂದು ಕೂತಳು. ಯಾರೂ ಕರೆದಿರಲಿಲ್ಲ, ಯಾರೂ ಬೇಡ ಎನ್ನಲಿಲ್ಲ. “ಇನ್ನೊಬ್ಬ ಹುಡುಗೀನೂ ಬಿದ್ಲು,” ಎನ್ನುತ್ತಿದ್ದಳು ಇರ್ಮಾ, ಗಾಳಿಯೊಳಗಿಂದ. “ಅಯ್ಯೋ ಪಾಪ. ಈಗ ನಮ್ದು. ನಿಂತಿದಾಳೆ. ಟೋಪಿ ಸರಿಮಾಡ್ಕೋತಿದಾಳೆ. ಹೊರಟ್ಲು! ಒಂದು... ಚೆನ್ನಾಗ್ ಹೋದ್ಲು... ಎರಡು...” ಅಷ್ಟೇ. ಕುಕುಷ್ಕಾ ದಟ್ಟ ಕಾಡಿನ ದೊಡ್ಡ ತಿರುವಿಗೆ ಹೊಕ್ಕಿತು, ಫೋನು ಸತ್ತಿತು.

ವಾಝಾ ಅದನ್ನು ಎತ್ತಿ ಕಿಟಕಿಗೆ ಹಿಡಿದ, ಎದ್ದು ಬಾಗಿಲಿಗೆ ಹೋಗಿ ಹಿಡಿದ, ಬಂದು ಕೂತ. “ಬರತ್ತೆ ಬರತ್ತೆ, ಲಿಬಾನಿ ಹತ್ರ ಬರತ್ತೆ,” ಎಂದಳು ಲಮಾರಾ. ರೈಲು ಉಸಿರು ಹಿಡಿದು ಏರುತ್ತಿತ್ತು. ಇಳಿದು ತಳ್ಳಿದ್ದರೆ ಬೇಗ ಹೋಗುತ್ತಿತ್ತೇನೋ. ಆ ಅಗಲ ಬೆನ್ನಿನ ಗಂಡಸು ಸತ್ತ ಫೋನನ್ನು ಮತ್ತೆ ಮತ್ತೆ ಒತ್ತುತ್ತಿರುವುದನ್ನು ಜುಂಬೇರ್ ನೋಡಿದ. ಮೂರನೇ ಕಂಬ, ಗಾಜಿನಂಥ ನೆಲ, ಅದರ ಮೇಲೆ ತನ್ನದೇ ಉದ್ದ ಬೆರಳಿನ ಮಗು. ಆ ಚಿತ್ರವನ್ನು ಇಡೀ ಜಗತ್ತಿನಲ್ಲಿ ಈ ಹೊತ್ತಿಗೆ ತನ್ನ ಹಾಗೆಯೇ ನೋಡುತ್ತಿರುವ ಇನ್ನೊಬ್ಬ ಇದ್ದಾನೆ, ಅವನು ತನ್ನ ಎದುರಿಗೇ ಇದ್ದಾನೆ. ಟಿಬಿಲಿಸಿಯ ಒಂಟಿ ಕೋಣೆಯಲ್ಲಿ ಎಷ್ಟು ಸಲ ಅವಳಿಗೆ ಜ್ವರವಂತೆ, ಕಾಲು ಉಳುಕಿತಂತೆ ಎಂದು ಕೇಳಿ ಗೋಡೆ ನೋಡುತ್ತ ಕೂತಿಲ್ಲ ತಾನು? ಆ ಎಲ್ಲ ದಿನವೂ ಇಲ್ಲಿ ಈತ ಎದ್ದು ನೀರು ಕಾಯಿಸಿದ್ದಾನೆ, ಕಾಲಿಗೆ ಪಟ್ಟಿ ಸುತ್ತಿದ್ದಾನೆ. ತನ್ನಿಂದ ಕಸಿದುಕೊಂಡ ಎಂದು ಇಷ್ಟು ವರ್ಷ ಲೆಕ್ಕ ಹಾಕಿದ್ದೆಲ್ಲ, ತನಗಾಗಿ ಮಾಡಿ ಇಟ್ಟದ್ದಾಗಿತ್ತು. ಮರಗಟ್ಟಿದ ಬೆರಳಿಗೆ ರಕ್ತ ಹರಿಯತೊಡಗಿದಾಗ ಮೊದಲು ಆಗುವುದು ನೋವೇ. ಎದೆಯಲ್ಲಿ ಹಾಗೆ ಏನೋ ಚುಚ್ಚುತ್ತ, ಬೆಚ್ಚಗಾಗುತ್ತ ಹರಡಿತು.

“ವಾಝಾ,” ಎಂದ. ಹೆಸರು ಹಿಡಿದು ಕರೆದದ್ದು ಅದೇ ಮೊದಲು. “ಮನೇಲಿ ಅವಳನ್ನ ಅಪ್ಪಾ ಅಂತ ಕರೀತೀರಾ?”

ವಾಝಾ ತಲೆ ತಗ್ಗಿಸಿದ. “ಬಾಯಿ ತಪ್ಪಿ ಬರತ್ತೆ ಅಣ್ಣಾ. ಒಂದೊಂದ್ಸಲ. ಬೇಕು ಅಂತ ಅಲ್ಲ.”

“ಬೇಕು ಅಂತಲೇ ಕರೀರಿ. ನಾನಿದೀನಿ ಅಂತ ನುಂಗ್ಬೇಡಿ. ಅದು ಅವಳಿಗೆ ಸೇರಬೇಕಾದ್ದು. ಎರಡು ಕಡೆಯಿಂದ ಬಂದ್ರೆ ಏನು ಭಾರ ಆಗಲ್ಲ.” ಹೇಳದಿದ್ದರೆ ಇನ್ನೆಂದೂ ಹೇಳಲಾರೆ ಎನ್ನಿಸಿ, “ಸ್ಟೇಷನ್ನಲ್ಲಿ ನಾನು ನಿಮ್ಮನ್ನ ನೋಡಿದ್ದೆ,” ಎಂದ.

“ಗೊತ್ತು,” ಎಂದ ವಾಝಾ. ಆಮೇಲೆ, “ನಿಮ್ಮ ಜಾಗದಲ್ಲಿ ನಾನಿದ್ದಿದ್ರೆ ಬೊರ್ಜೋಮಿವರೆಗೂ ಬರ್ತಾನೇ ಇರ್ಲಿಲ್ಲ,” ಎಂದ.

ಲಮಾರಾ ಶಾಲಿನ ತುದಿಯಿಂದ ಮೂಗು ಒರೆಸಿಕೊಂಡು, “ಒಲೆ ಹೊಗೆ,” ಎಂದು ಯಾರಿಗೂ ಅಲ್ಲದ ಹಾಗೆ ಹೇಳಿದಳು. ಕಾಡು ತೆರೆಯಿತು. ಫೋನು ಬೆಂಚಿನ ಮೇಲೆ ಜೀವ ಬಂದು ಕುಣಿಯಿತು.

“ಎಲ್ಲಿ ಹಾಳಾಗ್ ಹೋಗಿದ್ರಿ ಇಬ್ರೂ!” ಇರ್ಮಾ ಅಳುತ್ತಿದ್ದಳೋ ನಗುತ್ತಿದ್ದಳೋ. “ಇಳಿದ್ಲು! ನಿಂತ್ಕೊಂಡೇ ಇಳಿದ್ಲು! ಹನ್ನೊಂದನೇಯವಳು!” ಹನ್ನೊಂದು ಎಂಬುದು ಅಷ್ಟೇನೂ ದೊಡ್ಡದಲ್ಲ, ಆದರೆ ವಾಝಾ ಜುಂಬೇರ್‌ನನ್ನು ಅಪ್ಪಿಕೊಂಡ ರಭಸಕ್ಕೆ ಕನ್ನಡಕ ಹಾರಿ ಒಬ್ಬ ಪ್ರವಾಸಿಯ ಮಡಿಲಲ್ಲಿ ಬಿತ್ತು. ಉಳಿದ ಲೋಬಿಯಾನಿಯನ್ನು ವಾಝಾ ಬೋಗಿಗೆಲ್ಲ ಹಂಚಿದ. ಕನ್ನಡಕವಿಲ್ಲದ ಕಣ್ಣಿಗೆ ಹೊರಗೆ ಹಿಮ, ಮರ, ಆಕಾಶ ಎಲ್ಲ ಒಂದೇ ಬೆಳಕಾಗಿ ಕಂಡಿತು. ಅದು ವಾಪಸು ಕೈಗೆ ಬಂದ ಮೇಲೂ ಜುಂಬೇರ್ ಸ್ವಲ್ಪ ಹೊತ್ತು ಹಾಕಿಕೊಳ್ಳಲಿಲ್ಲ.

ಬಾಕುರಿಯಾನಿಯಲ್ಲಿ ಇಳಿದು ಇಬ್ಬರೂ ಓಡುನಡಿಗೆಯಲ್ಲಿ ಹೋದರು. ಕುದುರೆ ಜಾರುಬಂಡಿಯವರು ದಾರಿಗೆ ಅಡ್ಡ ಬಂದು, ವಾಝಾನನ್ನು ನೋಡಿ, “ಏನೋ, ವ್ಯಾನು ಮಾರಿಬಿಟ್ಯಾ?” ಎಂದು ರೇಗಿಸಿದರು. ಇಳಿಜಾರಿನ ಬುಡದಲ್ಲಿ ಹಗ್ಗ ಕಟ್ಟಿದ್ದರು. ಹಗ್ಗದ ಬಳಿ ನಿಂತಿದ್ದ ಉಸ್ತುವಾರಿಯವನು ಕೈ ಅಡ್ಡ ಹಿಡಿದ. “ಒಳಗೆ ಮಕ್ಕಳ ತಂದೆ ತಾಯಿ ಮಾತ್ರ. ನೀನು ಹೋಗು ವಾಝಾ. ಇವರ್ಯಾರು?”

“ಇವರೇ ತೆಕ್ಲಾ ತಂದೆ,” ಎಂದ ವಾಝಾ.

“ಮತ್ತೆ ನೀನು?”

“ನಾನು ಡ್ರೈವರ್ರು.”

“ಡ್ರೈವರ್ರಾದ್ರೆ ಗಾಡಿ ಎಲ್ಲಿ?”

“ತ್ಸಾಗ್ವೆರಿಲಿದೆ.”

ಉಸ್ತುವಾರಿಯವನಿಗೆ ಏನೂ ಅರ್ಥವಾಗಲಿಲ್ಲ. ಜುಂಬೇರ್ ತನ್ನ ದನಿ ಇಷ್ಟು ಗಟ್ಟಿಯಿದೆಯೆಂದು ತನಗೇ ಗೊತ್ತಿಲ್ಲದ ದನಿಯಲ್ಲಿ, “ಇಬ್ಬರೂ ತಂದೆಯೇ. ಇಬ್ಬರೂ ಒಳಗೆ ಹೋಗ್ತೀವಿ,” ಎಂದು ಹಗ್ಗ ಎತ್ತಿ ಹಿಡಿದ, ವಾಝಾ ಬಗ್ಗಿ ದಾಟಿದ ಮೇಲೆ ತಾನು ದಾಟಿದ. ಇರ್ಮಾ ಬೇಲಿಯ ಬಳಿ ಮುಖವೆಲ್ಲ ಚಳಿಗೆ ಕೆಂಪಾಗಿ ನಿಂತಿದ್ದಳು. ಇಬ್ಬರನ್ನೂ ನೋಡಿದಳು, ಬೈಯಲು ಬಾಯಿ ತೆಗೆದಳು, ಬೈಯಲಿಲ್ಲ. ಪಕ್ಕಕ್ಕೆ ಸರಿದು ಇಬ್ಬರಿಗೂ ಜಾಗ ಕೊಟ್ಟಳು.

ಎರಡನೆಯ ಓಟದಲ್ಲಿ ತೆಕ್ಲಾ ಮೂರನೆಯ ಕಂಬವನ್ನು ಚೆನ್ನಾಗಿ ದಾಟಿದಳು. ಎಂಥ ಸೊಗಸು ಅದು. ಆ ಕಾಲು, ಆ ಬಾಗು, ಮೊಣಕಾಲಿಗೆ ತಾಗಿ ಏಳುವ ಹಿಮದ ಹೊಗೆ. ಜುಂಬೇರ್‌ಗೆ ಅದು ತನ್ನಿಂದ ಹುಟ್ಟಿದ್ದೆಂದು ನಂಬಿಕೆಯಾಗಲಿಲ್ಲ. ಆಮೇಲೆ, ಎಲ್ಲ ಸರಾಗವಾಯಿತು ಎನ್ನುವಾಗ, ಕೊನೆಯ ಕಂಬಗಳ ಹತ್ತಿರ ಅವಳು ಒಂದು ಕ್ಷಣ ತಡವಾಗಿ ತಿರುಗಿದಳು, ಒಂದು ಕಂಬ ತಪ್ಪಿಹೋಯಿತು. ತಪ್ಪಿದರೆ ಮುಗಿಯಿತು, ಲೆಕ್ಕದಿಂದ ಹೊರಗೆ. “ಛೆ!” ಎಂದ ವಾಝಾ, ಅದೇ ಹೊತ್ತಿಗೆ ಜುಂಬೇರ್ ಕೂಡ. ಅವಳು ಸ್ಪರ್ಧೆಯ ಗೆರೆಯ ಕಡೆ ಹೋಗದೆ ನೇರ ಬೇಲಿಯ ಕಡೆಗೆ ಜಾರಿ ಬಂದಳು, ತುಟಿ ಕಚ್ಚಿಕೊಂಡು, ಹಿಮದ ಕನ್ನಡಕ ಹಣೆಯ ಮೇಲೆ ತಳ್ಳಿ. ಕೋಲಿನ ತುದಿಯಿಂದ ಒತ್ತಿ ಶೂಗಳನ್ನು ಸ್ಕೀಯಿಂದ ಬಿಡಿಸಿಕೊಂಡಳು. ಎರಡು ಸ್ಕೀಗಳನ್ನೂ ಒಟ್ಟಿಗೆ ಎತ್ತಿ, ಯಾವ ಯೋಚನೆಯೂ ಇಲ್ಲದೆ, ದಿನಾ ಕೊಡುವವಳ ಹಾಗೆ, ಜುಂಬೇರ್‌ನ ಕೈಗೆ ತುರುಕಿ, “ಹಿಡ್ಕೋ ಅಪ್ಪಾ, ಅಂಚು ಹುಷಾರು, ಕುಯ್ಯತ್ತೆ,” ಎಂದಳು. ಹೇಳಿ, ವಾಝಾನ ಕೋಟಿನೊಳಗೆ ಮುಖ ಹುದುಗಿಸಿ ಜೋರಾಗಿ ಅತ್ತಳು.

ಹಳೆಯ ಹೊಟ್ಟೆಕಿಚ್ಚು ಬರಬಹುದೆಂದು ಜುಂಬೇರ್ ಕಾದ. ಬಂತು ಕೂಡ, ಹಳೆಯ ಮನೆಯ ನಾಯಿಯ ಹಾಗೆ ಬಂದು, ಕಾಲು ಮೂಸಿ, ಅಲ್ಲೇ ಎಲ್ಲೋ ಮಲಗಿತು. ಸ್ಕೀಗಳು ಅಂದುಕೊಂಡದ್ದಕ್ಕಿಂತ ಭಾರವಾಗಿದ್ದವು. ಅವುಗಳಿಂದ ಹಿಮ ಕರಗಿ ಅವನ ತೋಳಿನೊಳಕ್ಕೆ ತಣ್ಣಗೆ ಇಳಿಯುತ್ತಿತ್ತು. “ಆಯ್ತು ಅಪ್ಪಾ, ಆಯ್ತು, ಮೂರನೇದು ಹೆಂಗೆ ದಾಟಿದೆ ನೋಡ್ದ್ಯಾ ನೀನು,” ಎನ್ನುತ್ತಿದ್ದ ವಾಝಾ, ಅವಳ ಟೋಪಿಯ ಮೇಲೆ ಗಲ್ಲ ಊರಿ, ನುಂಗದೆ. ಬೇರೆ ಮಕ್ಕಳ ತರಬೇತುದಾರನೊಬ್ಬ ಹಾದುಹೋಗುವಾಗ ನಿಂತು, “ಒಳ್ಳೇ ಸ್ಕೀ, ಯಾವ ಹುಡುಗೀದು?” ಎಂದು ಕೇಳಿದ.

“ನಮ್ಮ ಹುಡುಗೀದು,” ಎಂದ ಜುಂಬೇರ್.

ಪಕ್ಕದಲ್ಲೇ ಸ್ಕೀ ಒರಗಿಸಿಡುವ ಮರದ ಚೌಕಟ್ಟು ಖಾಲಿಯಿತ್ತು. ಅವನು ಒರಗಿಸಲಿಲ್ಲ. ಅವಳು ಅತ್ತು ಮುಗಿಸುವವರೆಗೂ ಅವನ್ನು ಎದೆಗೆ ನೆಟ್ಟಗೆ ಹಿಡಿದುಕೊಂಡು ನಿಂತಿದ್ದ.